ಟಿವಿ ಒಡೆದಾಗ ಚೆಲ್ಲಿದ ಶಾಯಿ

ಇವತ್ತು ರಾಜಕೀಯ ಇಲ್ಲ, ಕೋರ್ಟು ಇಲ್ಲ, ಬ್ರೇಕಿಂಗ್ ನ್ಯೂಸೂ ಇಲ್ಲ. ಇವತ್ತಿನ ವಿಷಯ ನೀವು ನನ್ನನ್ನು ನೋಡ್ತಾ ಇದ್ದೀರಲ್ಲ, ಆ ಪರದೆ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಅಕ್ಕನ ಮಗ ಹಾಲ್‌ನಲ್ಲೇ ಕ್ರಿಕೆಟ್ ಆಡ್ತಿದ್ದ. ಬೇಡ ಅಂದರೆ ಕೇಳೋ ವಯಸ್ಸಲ್ಲ. ಬಾಲ್ ಹೋಗಿ ಟಿವಿಯ ಬಲಗಡೆ ಮೂಲೆಗೆ ಬಡೀತು. ಗಾಜು ಚೂರಾಗಲಿಲ್ಲ, ಸಣ್ಣ ಬಿರುಕು ಅಷ್ಟೆ. ಆದರೆ ಆ ಬಿರುಕಿನಿಂದ ಕಪ್ಪು ಕಲೆಯೊಂದು ನಿಧಾನಕ್ಕೆ ಹರಡ್ತಾ ಬಂತು. ಸಂಜೆ ವಾರ್ತೆ ಓದುತ್ತಿದ್ದ ನಮ್ಮ ಸಹೋದ್ಯೋಗಿಯ ಒಂದು ಕಿವಿ, ಒಂದು ಭುಜ ಮಾಯ. "ಏನಪ್ಪಾ ಅದು, ಒಳಗೆ ಶಾಯಿ ತುಂಬಿರ್ತಾರಾ?" ಅಂತ ನಮ್ಮಮ್ಮ ಕೇಳಿದರು. ನಾನು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದಿದವನು. ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಅಮ್ಮನಿಗೆ ಎರಡು ಸಾಲಿನ ಉತ್ತರ ಕೊಡೋಕಾಗಲಿಲ್ಲ. ರಿಪೇರಿಯವರು ಬಂದರು, ನೋಡಿದರು, "ಪ್ಯಾನೆಲ್ ಹೋಗಿದೆ ಸಾರ್, ಹೊಸ ಪ್ಯಾನೆಲ್ ಹಾಕಿಸೋ ದುಡ್ಡಿಗೆ ಹೊಸ ಟಿವಿಯೇ ಬರುತ್ತೆ" ಅಂದು ಹೋದರು.

ಅಮ್ಮನ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕೋಕೆ ನಾನು ಮತ್ತೆ ಪುಸ್ತಕ ತೆಗೆಯಬೇಕಾಯಿತು. ಹುಡುಕ್ತಾ ಹೋದರೆ ದಾರಿ ಅಮೆರಿಕಕ್ಕೆ ಹೋಗಿ, ಜಪಾನ್ ಸುತ್ತಿ, ಕೊನೆಗೆ ನಮ್ಮ ಬೆಂಗಳೂರಿನ ಸದಾಶಿವನಗರದ ಹತ್ತಿರ ಬಂದು ನಿಂತಿತು.

ಮೊದಲು ಶಾಯಿ ವಿಚಾರ. ಒಳಗಿರೋದು ಶಾಯಿ ಅಲ್ಲ, ದ್ರವ ಸ್ಫಟಿಕ. ಲಿಕ್ವಿಡ್ ಕ್ರಿಸ್ಟಲ್. ಹೆಸರೇ ವಿಚಿತ್ರ ನೋಡಿ. ಸ್ಫಟಿಕ ಅಂದರೆ ಉಪ್ಪು, ಕಲ್ಲುಸಕ್ಕರೆ, ಅಂದರೆ ಒಳಗಿನ ಅಣುಗಳೆಲ್ಲ ಸಾಲಾಗಿ ನಿಂತ ಗಟ್ಟಿ ವಸ್ತು. ದ್ರವ ಅಂದರೆ ನೀರು, ಎಣ್ಣೆ, ಅಣುಗಳು ಯಾವ ಕಡೆ ಬೇಕಾದರೂ ಹರಿಯೋ ವಸ್ತು. ಎರಡೂ ಒಂದೇ ವಸ್ತುವಿನಲ್ಲಿ ಇರೋದು ಹೇಗೆ? 1888ರಲ್ಲಿ ಪ್ರಾಗ್ ನಗರದ ಸಸ್ಯವಿಜ್ಞಾನಿ ಫ್ರೀಡ್‌ರಿಶ್ ರೈನಿಟ್ಜರ್‌ಗೂ ಇದೇ ಗೊಂದಲ. ಕೊಲೆಸ್ಟರಾಲ್‌ನಿಂದ ಮಾಡಿದ ಒಂದು ಪುಡಿಯನ್ನು ಅವರು ಕಾಯಿಸಿದರು. 145.5 ಡಿಗ್ರಿಗೆ ಕರಗಿತು, ಆದರೆ ಮಜ್ಜಿಗೆ ಥರ ಮಬ್ಬಾಗಿತ್ತು. ಇನ್ನೂ ಕಾಯಿಸಿದರು. 178.5 ಡಿಗ್ರಿಗೆ ಫಳಕ್ಕಂತ ತಿಳಿಯಾಯಿತು. ಒಂದೇ ವಸ್ತು, ಎರಡೆರಡು ಸಲ ಕರಗಿತು! ಆ ನಡುವಿನ ಮಬ್ಬು ಸ್ಥಿತಿಯೇ ದ್ರವ ಸ್ಫಟಿಕ. ನೀರಿನ ಮೇಲೆ ಬೆಂಕಿಕಡ್ಡಿ ಸುರಿದಿದ್ದೀರಿ ಅಂದುಕೊಳ್ಳಿ. ಕಡ್ಡಿಗಳು ತೇಲ್ತಾ ಜಾಗ ಬದಲಿಸ್ತವೆ, ಆದರೆ ಎಲ್ಲವೂ ಹೆಚ್ಚು ಕಮ್ಮಿ ಒಂದೇ ದಿಕ್ಕಿಗೆ ತಲೆ ಇಟ್ಟಿವೆ. ಹರಿಯುತ್ತೆ, ಆದರೆ ದಿಕ್ಕು ಬಿಡಲ್ಲ. ಅಷ್ಟೇ ಗುಟ್ಟು.

ಈ ವಸ್ತು ಮುಕ್ಕಾಲು ಶತಮಾನ ಪ್ರಯೋಗಾಲಯದ ಕುತೂಹಲವಾಗಿಯೇ ಉಳೀತು. ಕೆಲಸಕ್ಕೆ ಬರುತ್ತೆ ಅಂತ ಗೊತ್ತಾಗಿದ್ದು 1962ರಲ್ಲಿ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಆರ್‌ಸಿಎ ಕಂಪನಿಯ ಪ್ರಯೋಗಾಲಯ. ಅಲ್ಲಿ ರಿಚರ್ಡ್ ವಿಲಿಯಮ್ಸ್ ಅನ್ನೋ ವಿಜ್ಞಾನಿ ಎರಡು ಗಾಜಿನ ತುಂಡುಗಳ ನಡುವೆ ದ್ರವ ಸ್ಫಟಿಕದ ತೆಳು ಪದರ ಹಾಕಿ, 120 ಡಿಗ್ರಿ ಆಸುಪಾಸಿಗೆ ಕಾಯಿಸಿಟ್ಟುಕೊಂಡು (ಆಗಿನ ವಸ್ತುಗಳು ಅಷ್ಟು ಬಿಸಿಯಲ್ಲದಿದ್ದರೆ ಕೆಲಸ ಮಾಡ್ತಿರಲಿಲ್ಲ), ಗಾಜಿಗೆ ವೋಲ್ಟೇಜ್ ಕೊಟ್ಟರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಏನೂ ಇಲ್ಲದ ಜಾಗದಲ್ಲಿ ಪಟ್ಟೆಗಳು ಎದ್ದು ನಿಂತಿವೆ. ನೇರ, ಸಮಾನಾಂತರ, ಅಳತೆ ಹಿಡಿದು ಗೆರೆ ಎಳೆದ ಹಾಗೆ. ವೋಲ್ಟೇಜ್ ತೆಗೆದರೆ ಮಾಯ, ಕೊಟ್ಟರೆ ಮತ್ತೆ ಹಾಜರ್. ಇವತ್ತಿಗೂ ಇವಕ್ಕೆ ವಿಲಿಯಮ್ಸ್ ಡೊಮೇನ್ ಅಂತಲೇ ಹೆಸರು.

ಯಾಕೆ ಪಟ್ಟೆ? ನನಗೆ ತುಂಬಾ ಇಷ್ಟವಾದ ಭಾಗ ಇದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಅಗಲವಾದ ಬಾಣಲೆಯಲ್ಲಿ ತೆಳ್ಳಗೆ ಎಣ್ಣೆ ಹಾಕಿ ಕಾಯಿಸುವಾಗ ಗಮನಿಸಿ. ಹೊಗೆ ಏಳೋ ಮುಂಚೆ ಎಣ್ಣೆಯ ಮೇಲೆ ಸುಕ್ಕು ಸುಕ್ಕಾಗಿ ಒಂದು ಚಿತ್ತಾರ ಕಾಣುತ್ತೆ. ಯಾರೂ ಬಿಡಿಸಿದ್ದಲ್ಲ. ಬಿಸಿ ಒಂದು ಮಿತಿ ದಾಟಿದಾಗ ಎಣ್ಣೆ ತಾನೇ ಸುತ್ತು ಹೊಡೆಯೋಕೆ ಶುರುಮಾಡಿ ಕೋಣೆ ಕೋಣೆಯಾಗಿ ಪಾಲು ಮಾಡಿಕೊಳ್ಳುತ್ತೆ. ವಿಲಿಯಮ್ಸ್ ಕಂಡದ್ದೂ ಅದೇ ಜಾತಿಯದು. ಆದರೆ ಅಲ್ಲಿ ಬೆಂಕಿಯ ಜಾಗದಲ್ಲಿ ವಿದ್ಯುತ್.

ಗಾಜಿನ ನಡುವೆ ಕಡ್ಡಿ ಅಣುಗಳು ಮಲಗಿವೆ. ಅವುಗಳ ನಡುವೆ ಒಂದಿಷ್ಟು ಅಯಾನುಗಳು ಓಡಾಡ್ತಿವೆ, ಅಂದರೆ ವಿದ್ಯುದಂಶ ಹೊತ್ತ ಕಣಗಳು. ಕೆಳಗಿನ ಗಾಜಿಗೂ ಮೇಲಿನ ಗಾಜಿಗೂ ವೋಲ್ಟೇಜ್ ಕೊಟ್ಟರೆ ಅಯಾನುಗಳು ಮೇಲೆ ಕೆಳಗೆ ಓಡಬೇಕು. ಆದರೆ ಅವಕ್ಕೆ ಕಡ್ಡಿಯ ಉದ್ದಕ್ಕೆ ಜಾರೋದು ಸುಲಭ, ಅಡ್ಡ ದಾಟೋದು ಕಷ್ಟ. ಈಗ ಕಡ್ಡಿಗಳ ಸಾಲಿನಲ್ಲಿ ಎಲ್ಲೋ ಒಂದು ಕಡೆ ಚಿಕ್ಕ ಸುಕ್ಕು ಇದೆ ಅಂತಿಟ್ಟುಕೊಳ್ಳಿ. ಅಯಾನುಗಳು ಆ ಸುಕ್ಕಿನ ಇಳಿಜಾರು ಹಿಡಿದು ಪಕ್ಕಕ್ಕೆ ಜಾರ್ತವೆ. ಧನ ಒಂದು ಕಡೆ ಗುಂಪಾಯಿತು, ಋಣ ಪಕ್ಕದಲ್ಲೇ ಗುಂಪಾಯಿತು. ವೋಲ್ಟೇಜ್ ಒಂದು ಗುಂಪನ್ನು ಮೇಲಕ್ಕೆ ಎಳೆಯುತ್ತೆ, ಇನ್ನೊಂದನ್ನು ಕೆಳಕ್ಕೆ. ಗುಂಪಿನ ಜೊತೆ ದ್ರವವೂ ಹೋಗುತ್ತೆ. ದ್ರವ ಹರಿದರೆ ಕಡ್ಡಿಗಳು ಇನ್ನಷ್ಟು ವಾಲ್ತವೆ. ಸುಕ್ಕು ದೊಡ್ಡದಾಯಿತು. ದೊಡ್ಡ ಸುಕ್ಕಿಗೆ ಇನ್ನೂ ದೊಡ್ಡ ಗುಂಪು, ಇನ್ನೂ ಜೋರು ಹರಿವು. ವದಂತಿ ಬೆಳೆಯೋ ರೀತಿ ಅನ್ನಿ. ಈ ಲೆಕ್ಕವನ್ನು 1969ರಲ್ಲಿ ಕಾಗದದ ಮೇಲೆ ಬಿಡಿಸಿ ತೋರಿಸಿದವರು ಆರ್‌ಸಿಎಯಲ್ಲೇ ಇದ್ದ ಜರ್ಮನ್ ವಿಜ್ಞಾನಿ ವೋಲ್ಫ್‌ಗಾಂಗ್ ಹೆಲ್ಫ್‌ರಿಶ್.

ಹಾಗಾದರೆ ಸಣ್ಣ ವೋಲ್ಟೇಜ್‌ಗೇ ಯಾಕೆ ಪಟ್ಟೆ ಏಳಲ್ಲ? ಯಾಕಂದರೆ ಕಡ್ಡಿಗಳಿಗೆ ತಮ್ಮ ಸಾಲು ಬಿಡೋ ಮನಸ್ಸಿಲ್ಲ. ಬಾಗಿಸಿದರೆ ಸ್ಪ್ರಿಂಗ್ ಥರ ವಾಪಸ್ ಬರ್ತವೆ. ಸಾಮಾನ್ಯವಾಗಿ ಐದಾರು, ಏಳೆಂಟು ವೋಲ್ಟ್‌ವರೆಗೆ ಆ ಸ್ಪ್ರಿಂಗ್ ಗೆಲ್ಲುತ್ತೆ. ಅದು ದಾಟಿತೋ, ಹರಿವು ಗೆಲ್ಲುತ್ತೆ. ಪದರ ಸ್ವಲ್ಪ ತೆಳುವಾಗಿದ್ದರೂ ದಪ್ಪವಾಗಿದ್ದರೂ ಆ ಗಡಿಯ ವೋಲ್ಟೇಜ್ ಹೆಚ್ಚು ಕಮ್ಮಿ ಅದೇ. ಗಡಿ ದಾಟಿದ ಕೂಡಲೇ ಇಡೀ ದ್ರವ ಉದ್ದುದ್ದ ಸುರುಳಿಗಳಾಗಿ ಸುತ್ತೋಕೆ ಶುರು. ಚಾಪೆ ಸುತ್ತಿ ಸಾಲಾಗಿ ಪಕ್ಕಪಕ್ಕ ಇಟ್ಟ ಹಾಗೆ, ಒಂದು ಬಲಕ್ಕೆ ತಿರುಗಿದರೆ ಪಕ್ಕದ್ದು ಎಡಕ್ಕೆ. ಒಂದೊಂದು ಸುರುಳಿಯ ಅಗಲ ಸುಮಾರು ಪದರದ ದಪ್ಪದಷ್ಟು. ಲೆಕ್ಕ ಹಾಕಿ: ಪದರ 10 ಮೈಕ್ರಾನ್ ಅಂದರೆ ಒಂದು ಸೆಂಟಿಮೀಟರಿನಲ್ಲಿ ಸಾವಿರ ಸುರುಳಿ. ಉಗುರಿನಷ್ಟು ಜಾಗದಲ್ಲಿ!

ಇನ್ನು ನಿಯಂತ್ರಣ. ಇಲ್ಲಿ ನಮ್ಮ ಕೈಯಲ್ಲಿ ಎರಡು ತಿರುಗುಗುಂಡಿ ಇವೆ. ಒಂದು ವೋಲ್ಟೇಜ್. ಏರಿಸ್ತಾ ಹೋದರೆ ನೇರ ಪಟ್ಟೆ ಅಲೆಅಲೆಯಾಗುತ್ತೆ, ಆಮೇಲೆ ಚೌಕಚೌಕದ ಬಲೆಯಾಗುತ್ತೆ, ಕೊನೆಗೆ ಎಲ್ಲ ಕಲಸಿ ಗದ್ದಲ. ಎರಡನೇದು ಫ್ರೀಕ್ವೆನ್ಸಿ, ಅಂದರೆ ಎಸಿ ವಿದ್ಯುತ್ ಸೆಕೆಂಡಿಗೆ ಎಷ್ಟು ಸಲ ದಿಕ್ಕು ಬದಲಿಸುತ್ತೆ ಅನ್ನೋದು. ವಿದ್ಯುತ್ ದಿಕ್ಕು ಬದಲಿಸಿದರೆ ಪಟ್ಟೆ ಅಳಿಸಿಹೋಗಬೇಕಲ್ವಾ ಅಂತ ನಿಮಗೆ ಅನ್ನಿಸಬಹುದು. ಅಳಿಸಲ್ಲ. ಕ್ಷೇತ್ರ ತಿರುಗಿದಾಗ ಗುಂಪುಗಳೂ ಜಾಗ ಅದಲುಬದಲು ಮಾಡಿಕೊಳ್ತವೆ. ಮೈನಸ್ ಇಂಟು ಮೈನಸ್ ಪ್ಲಸ್, ಹರಿವು ಇದ್ದ ದಿಕ್ಕಿಗೇ ಇರುತ್ತೆ. ಆದರೆ ಫ್ರೀಕ್ವೆನ್ಸಿ ಒಂದು ಮಿತಿ ಮೀರಿದರೆ ಅಯಾನುಗಳಿಗೆ ಓಡಿ ಸಾಕಾಗುತ್ತೆ, ಗುಂಪು ಬದಲಿಸೋಕೆ ಪುರುಸೊತ್ತಿಲ್ಲ. ಆಗ ಹಳೇ ಪಟ್ಟೆ ಹೋಗಿ, ಬೇರೆಯದೇ ಒಂದು ತುಂಬಾ ಸಣ್ಣ ಪಟ್ಟೆಗಳ ವಿನ್ಯಾಸ ಬರುತ್ತೆ. ಎರಡು ಗುಂಡಿ ತಿರುಗಿಸ್ತಾ ಕೂತರೆ ಒಂದೇ ಹನಿಯಲ್ಲಿ ಹತ್ತಾರು ರಂಗೋಲಿ ನೋಡಬಹುದು.

ಕೊನೆಯ ಆ ಗದ್ದಲ ಇದೆಯಲ್ಲ, ಅದನ್ನೇ ಹಿಡಿದುಕೊಂಡವರು ಆರ್‌ಸಿಎಯ ಯುವ ಎಂಜಿನಿಯರ್ ಜಾರ್ಜ್ ಹೈಲ್‌ಮೈಯರ್. ದ್ರವ ಗದ್ದಲದಲ್ಲಿದ್ದರೆ ಬೆಳಕು ಚದುರಿ ಬಿಳಿಯಾಗಿ ಕಾಣುತ್ತೆ, ಶಾಂತವಾಗಿದ್ದರೆ ಗಾಜು ಗಾಜಿನ ಹಾಗೇ ಪಾರದರ್ಶಕ. ಅಂದರೆ ಎಲ್ಲಿ ಬೇಕೋ ಅಲ್ಲಿಗೆ ಮಾತ್ರ ವೋಲ್ಟೇಜ್ ಕೊಟ್ಟರೆ ಅಂಕಿ ಬರೀಬಹುದು, ಅಕ್ಷರ ಬರೀಬಹುದು. 1968ರ ಮೇ ತಿಂಗಳಲ್ಲಿ ಆರ್‌ಸಿಎ ಪತ್ರಿಕಾಗೋಷ್ಠಿ ಕರೆದು ಇದನ್ನು ಜಗತ್ತಿಗೆ ತೋರಿಸಿತು. ಗೋಡೆಗೆ ನೇತುಹಾಕೋ ಟಿವಿ ಬರುತ್ತೆ ಅನ್ನೋ ಕನಸು ಆಗಲೇ ಇತ್ತು. ನಮ್ಮ ಪ್ಯಾನೆಲ್ ಡಿಸ್ಕಷನ್‌ನಲ್ಲಿ ಗದ್ದಲ ಜಾಸ್ತಿ ಅಂತ ಬೈತೀರಲ್ಲ? ಪ್ಯಾನೆಲ್ ಹುಟ್ಟಿದ್ದೇ ಗದ್ದಲದಿಂದ.

ಕನಸು ನನಸು ಮಾಡಿದ್ದು ಮಾತ್ರ ಆರ್‌ಸಿಎ ಅಲ್ಲ. ಇದರಲ್ಲಿ ಟಿವಿಯವರಾದ ನಮಗೆ ಹೆಮ್ಮೆಯ ಒಂದು ವಿಷಯ ಇದೆ. ಆರ್‌ಸಿಎಯ ಈ ಕೆಲಸದ ಬಗ್ಗೆ ಜಪಾನಿನ ಎನ್‌ಎಚ್‌ಕೆ ವಾಹಿನಿ ಒಂದು ಸಾಕ್ಷ್ಯಚಿತ್ರ ಮಾಡಿತ್ತು. ಅದನ್ನು ನೋಡಿದವರಲ್ಲಿ ಶಾರ್ಪ್ ಕಂಪನಿಯ ತೊಮಿಯೊ ವಾದ ಒಬ್ಬರು. ಶಾರ್ಪ್‌ಗೆ ಬೇಕಾಗಿದ್ದು ಗೋಡೆ ಟಿವಿ ಅಲ್ಲ, ಜೇಬಿಗೆ ಹಿಡಿಸೋ ಕ್ಯಾಲ್ಕುಲೇಟರ್. ಅವರು ಆರ್‌ಸಿಎಯನ್ನೇ ಕೇಳಿದರು, ನಮಗೆ ಕ್ಯಾಲ್ಕುಲೇಟರ್ ಪರದೆ ಮಾಡಿಕೊಡ್ತೀರಾ ಅಂತ. ಇದು ತುಂಬಾ ನಿಧಾನ, ಆಗಲ್ಲ ಅನ್ನೋ ಉತ್ತರ ಬಂತು. ಶಾರ್ಪ್‌ನವರು ತಾವೇ ಕೂತರು. ನೇರ ವಿದ್ಯುತ್ ಕೊಟ್ಟರೆ ದ್ರವ ಬೇಗ ಕೆಡುತ್ತೆ, ಎಸಿ ಕೊಟ್ಟರೆ ಬಾಳಿಕೆ ಬರುತ್ತೆ ಅಂತ ಕಂಡುಕೊಂಡರು. ಎಸಿಗೆ ಬೇಕಾದಷ್ಟು ಅಯಾನು ಇರಲಿ ಅಂತ ದ್ರವಕ್ಕೆ ಬೇಕಂತಲೇ ಕಲಬೆರಕೆ ಮಾಡಿದರು. 1973ರಲ್ಲಿ ಇಎಲ್-805 ಅನ್ನೋ ಕ್ಯಾಲ್ಕುಲೇಟರ್ ಅಂಗಡಿಗೆ ಬಂತು. ಒಂದೇ ಪೆನ್ಸಿಲ್ ಸೆಲ್‌ನಲ್ಲಿ ಸುಮಾರು 100 ತಾಸು ಓಡ್ತಿತ್ತು.

ನೋಡಿ, ಆರ್‌ಸಿಎಗೆ ವಿಜ್ಞಾನದ ಕೊರತೆ ಇರಲಿಲ್ಲ. ಪಟ್ಟೆ ಕಂಡವರು ಅವರು, ಲೆಕ್ಕ ಬಿಡಿಸಿದವರು ಅವರು, ಪರದೆ ಮಾಡಿ ತೋರಿಸಿದವರೂ ಅವರೇ. ನನ್ನ ಪ್ರಕಾರ ಅವರು ಸೋತಿದ್ದು ಎಂಟು ಅಂಕಿಯ ಸಣ್ಣ ಪರದೆ ತಮ್ಮ ಘನತೆಗೆ ಕಮ್ಮಿ ಅಂದುಕೊಂಡಿದ್ದಕ್ಕೆ. ಟಿವಿ ಕಂಪನಿಗೆ ಟಿವಿಯೇ ಬೇಕಿತ್ತು. ಶಾರ್ಪ್ ಅಂಕಿಯಿಂದ ಶುರುಮಾಡಿ ಟಿವಿಗೆ ಬಂತು.

ಹೆಲ್ಫ್‌ರಿಶ್ ಕೂಡ ಆರ್‌ಸಿಎ ಬಿಟ್ಟು ಸ್ವಿಟ್ಜರ್ಲೆಂಡಿಗೆ ಹೋದರು. 1970ರ ಡಿಸೆಂಬರ್‌ನಲ್ಲಿ ಅವರೂ ಮಾರ್ಟಿನ್ ಶಾಟ್ ಅನ್ನೋವರೂ ಸೇರಿ ಪೇಟೆಂಟ್‌ಗೆ ಹಾಕಿದ ವಿಧಾನವೇ ಎಲ್ಲವನ್ನೂ ಬದಲಿಸಿದ್ದು. ಅದರಲ್ಲಿ ಪಟ್ಟೆಯೂ ಇಲ್ಲ, ಹರಿವೂ ಇಲ್ಲ, ಗದ್ದಲವೂ ಇಲ್ಲ. ಮೇಲಿನ ಗಾಜನ್ನು ಒಂದು ದಿಕ್ಕಿಗೆ ಬಟ್ಟೆಯಿಂದ ಉಜ್ಜಿ, ಕೆಳಗಿನದನ್ನು ಅದಕ್ಕೆ ಅಡ್ಡ ಉಜ್ಜಿದರೆ, ನಡುವಿನ ಅಣುಗಳು ಸುತ್ತು ಮೆಟ್ಟಿಲಿನ ಹಾಗೆ 90 ಡಿಗ್ರಿ ತಿರುಗಿ ನಿಲ್ತವೆ. ಗಾಜಿನ ಹೊರಗೆ ಎರಡೂ ಕಡೆ ಪೋಲರೈಸರ್ ಹಾಳೆ, ಅದೂ ಒಂದಕ್ಕೊಂದು ಅಡ್ಡ. ಬೆಳಕು ಒಂದನ್ನು ದಾಟಿ, ಅಣುಗಳ ಮೆಟ್ಟಿಲು ಹಿಡಿದು ತಾನೂ ತಿರುಗಿ, ಇನ್ನೊಂದನ್ನೂ ದಾಟಿ ಹೊರಗೆ ಬರುತ್ತೆ. ಕೆಲವೇ ವೋಲ್ಟ್ ಕೊಡಿ, ಅಣುಗಳು ಎದ್ದು ನಿಲ್ತವೆ, ಮೆಟ್ಟಿಲು ಹೋಯಿತು, ಬೆಳಕು ಎರಡನೇ ಹಾಳೆಗೆ ಬಡಿದು ನಿಂತಿತು. ಕಪ್ಪು. ಕರೆಂಟ್ ಖರ್ಚು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಜಾರ್ಜ್ ಗ್ರೇ ತಂಡ ಕೋಣೆಯ ತಾಪದಲ್ಲೇ ಕೆಡದೆ ಕೆಲಸ ಮಾಡೋ ಅಣುಗಳನ್ನೂ ಮಾಡಿಕೊಟ್ಟ ಮೇಲೆ ಗದ್ದಲದ ಪರದೆಯ ಕಾಲ ಮುಗೀತು. ಇವತ್ತಿನ ಟಿವಿಗಳಲ್ಲಿ ಅಣುಗಳನ್ನು ನಿಲ್ಲಿಸೋ ರೀತಿ ಬೇರೆ ಬೇರೆ ಇದೆ, ಆದರೆ ಎರಡು ಅಡ್ಡ ಹಾಳೆಗಳ ನಡುವೆ ಬೆಳಕನ್ನು ಪಳಗಿಸೋ ತತ್ವ ಅದೇ.

ಅಮ್ಮನ ಶಾಯಿಗೆ ಉತ್ತರವೂ ಇಲ್ಲೇ ಇದೆ. ಗಾಜು ಬಿರುಕು ಬಿಟ್ಟ ಕಡೆ ದ್ರವ ಜಾಗ ಖಾಲಿ ಮಾಡಿತು. ಬೆಳಕನ್ನು ತಿರುಗಿಸೋರು ಯಾರೂ ಇಲ್ಲ. ಹಿಂದಿನ ಬಲ್ಬು ಉರೀತಾನೇ ಇದೆ, ಆದರೆ ಬೆಳಕು ಎರಡು ಹಾಳೆಗಳ ಮಧ್ಯೆ ಸಿಕ್ಕಿಹಾಕಿಕೊಂಡಿತು. ನಾವು ಕಂಡಿದ್ದು ಶಾಯಿ ಅಲ್ಲ, ಬರೀ ಕತ್ತಲೆ.

ಹಿಂದೆ ಬೇಕಂತ ಬೆರೆಸುತ್ತಿದ್ದ ಅಯಾನುಗಳು ಈಗ ಪ್ಯಾನೆಲ್ ಕಾರ್ಖಾನೆಯವರ ದೊಡ್ಡ ಶತ್ರು. ಒಂದೇ ದಿಕ್ಕಿನ ವೋಲ್ಟೇಜ್ ತುಂಬಾ ಹೊತ್ತು ಇದ್ದರೆ ಅಯಾನುಗಳು ಗಾಜಿನ ಅಂಚಿಗೆ ಹೋಗಿ ಕೂತುಬಿಡ್ತವೆ, ಚಿತ್ರ ಬದಲಾದರೂ ಹಳೇದರ ನೆರಳು ಉಳಿಯುತ್ತೆ. ಹಾಗಾಗಿ ನಿಮ್ಮ ಟಿವಿ ಒಂದೊಂದು ಚುಕ್ಕೆಯ ವೋಲ್ಟೇಜನ್ನೂ ಪ್ರತಿ ಫ್ರೇಮಿಗೆ ಉಲ್ಟಾ ಮಾಡ್ತಾ ಇರುತ್ತೆ. 24 ಗಂಟೆ ಮೂಲೆಯಲ್ಲಿ ಕೂತಿರೋ ನಮ್ಮ ಚಾನೆಲ್ ಲೋಗೋ ಅಚ್ಚೊತ್ತದೆ ಇರೋದಕ್ಕೆ ಇದೂ ಒಂದು ಕಾರಣ.

ಈಗ ಬೆಂಗಳೂರಿಗೆ ಬನ್ನಿ. ಶಾರ್ಪ್ ಕ್ಯಾಲ್ಕುಲೇಟರ್ ಬಂದ ಅದೇ 1973ರ ಡಿಸೆಂಬರ್‌ನಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ದ್ರವ ಸ್ಫಟಿಕಗಳ ಅಂತಾರಾಷ್ಟ್ರೀಯ ಸಮ್ಮೇಳನ ನಡೀತು. ಅದರ ಹಿಂದಿದ್ದವರು ಪ್ರೊ. ಎಸ್. ಚಂದ್ರಶೇಖರ್, ಸರ್ ಸಿ.ವಿ. ರಾಮನ್ ಅವರ ಸೋದರಳಿಯ. 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗಕ್ಕೆ ಮುಖ್ಯಸ್ಥರಾಗಿ ಬಂದು, ಅಲ್ಲೇ ದ್ರವ ಸ್ಫಟಿಕದ ಕೆಲಸ ಶುರುಮಾಡಿ, 1971ರಲ್ಲಿ ಬೆಂಗಳೂರಿಗೆ ಬಂದವರು. 1977ರಲ್ಲಿ ಅವರೂ, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಇಬ್ಬರೂ ಸೇರಿ ಒಂದು ಪ್ರಬಂಧ ಬರೆದರು. ವಿದೇಶದ ಪತ್ರಿಕೆಗಲ್ಲ, ಬೆಂಗಳೂರಿನಿಂದಲೇ ಹೊರಡೋ 'ಪ್ರಮಾಣ' ಪತ್ರಿಕೆಗೆ. ಅಲ್ಲಿಯವರೆಗೆ ದ್ರವ ಸ್ಫಟಿಕ ಅಂದರೆ ಕಡ್ಡಿ ಅಣು ಅಂತಲೇ ಎಲ್ಲರ ನಂಬಿಕೆ. ಇವರು ಬಿಲ್ಲೆಯಾಕಾರದ ಅಣುಗಳೂ ಒಂದರ ಮೇಲೊಂದು ನಾಣ್ಯ ಪೇರಿಸಿದ ಹಾಗೆ ಕಂಬ ಕಟ್ಟಿಕೊಂಡು ದ್ರವ ಸ್ಫಟಿಕ ಆಗ್ತವೆ ಅಂತ ತೋರಿಸಿದರು. ಒಂದು ಹೊಸ ಜಾತಿಯೇ ಸಿಕ್ಕಿತು. ಇನ್ನು ಅದೇ ಸಂಸ್ಥೆಯಲ್ಲಿ ಎನ್.ವಿ. ಮಧುಸೂದನ ಮತ್ತು ಸಂಗಡಿಗರು ವಿದ್ಯುತ್ ಕ್ಷೇತ್ರಕ್ಕೆ ಈ ದ್ರವ ಹೇಗೆ ಬಾಗುತ್ತೆ, ಹೇಗೆ ಪಟ್ಟೆ ಕಟ್ಟುತ್ತೆ ಅನ್ನೋದರ ಮೇಲೆ ದಶಕಗಳ ಕಾಲ ಕೆಲಸ ಮಾಡಿದರು.

ಆ ಬಿಲ್ಲೆ ಅಣುಗಳು ಆಮೇಲೆ ಎಲ್ಲಿಗೆ ಹೋದವು ಗೊತ್ತಾ? ಹಳೇ ಲ್ಯಾಪ್‌ಟಾಪ್, ಮಾನಿಟರ್ ನೆನಪಿಸಿಕೊಳ್ಳಿ. ಪಕ್ಕದಿಂದ ನೋಡಿದರೆ ಬಣ್ಣ ಕೆಟ್ಟು, ಬಿಳಿ ಕಪ್ಪಾಗಿ ಕಾಣ್ತಿತ್ತು. ಅದಕ್ಕೆ ಮದ್ದು ಕಂಡುಹಿಡಿದಿದ್ದು 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ: ಬಿಲ್ಲೆ ಅಣುಗಳನ್ನೇ ಹಾಸಿ ಗಟ್ಟಿ ಮಾಡಿದ ಒಂದು ತೆಳು ಹಾಳೆ. ಅದನ್ನು ಅಂಟಿಸಿದರೆ ಪಕ್ಕದಿಂದಲೂ ಚಿತ್ರ ಚೆನ್ನಾಗಿ ಕಾಣುತ್ತೆ. ಬೆಂಗಳೂರಿನಲ್ಲಿ ಗುರುತಿಸಿದ ಪದಾರ್ಥದ ಜಾತಿ, ಜಪಾನಿನಲ್ಲಿ ಹಾಳೆಯಾಗಿ, ಪ್ಯಾನೆಲ್ ಒಳಗೆ ಕೂತು, ಆಮದಾಗಿ ನಮ್ಮ ಆಫೀಸು ಟೇಬಲ್ಲಿಗೆ ಬಂತು. ಹೀಗಂದ ಮಾತ್ರಕ್ಕೆ ನಾವು ಸುಮ್ಮನೆ ಕೂತಿದ್ದೆವು ಅಂತಲ್ಲ. ಬಿಇಎಲ್ ಬೆಂಗಳೂರಿನಲ್ಲಿ ಸಣ್ಣ ಎಲ್‌ಸಿಡಿಗಳನ್ನು ಮಾಡಿತು. ನಿವೃತ್ತಿಯ ಮೇಲೆ ಚಂದ್ರಶೇಖರ್ 1991ರಲ್ಲಿ ಜಾಲಹಳ್ಳಿಯಲ್ಲಿ ದ್ರವ ಸ್ಫಟಿಕ ಸಂಶೋಧನಾ ಕೇಂದ್ರ ಕಟ್ಟಿದರು, ಈಗದು ನ್ಯಾನೋ ವಿಜ್ಞಾನದ ಕೇಂದ್ರವಾಗಿದೆ. ಆದರೆ ಟಿವಿ ಪ್ಯಾನೆಲ್ ಕಾರ್ಖಾನೆ ಅಂದರೆ ಸಾವಿರಾರು ಕೋಟಿಯ ಮಾತು, ಅದರ ಹಿಂದೆ ಸಣ್ಣ ಪರದೆ ಮಾಡಿ ಮಾಡಿ ಕಲಿತ ವರ್ಷಗಳಿರಬೇಕು. ಆ ಮೆಟ್ಟಿಲುಗಳನ್ನು ನಾವು ಹತ್ತಲಿಲ್ಲ. ರಿಪೇರಿಯವರು ಹೇಳಿದ ರೇಟಿನ ಹಿಂದೆ ಇದೂ ಇದೆ.

ಹಾಗಾದರೆ ಉದ್ಯಮ ಬಿಟ್ಟುಹೋದ ಆ ಪಟ್ಟೆ, ಆ ಗದ್ದಲ ಏನಾಯಿತು? ಭೌತವಿಜ್ಞಾನಿಗಳು ಅದನ್ನು ಬಿಡಲಿಲ್ಲ. ಶಿಸ್ತು ಹೇಗೆ ಹಂತಹಂತವಾಗಿ ಗದ್ದಲವಾಗುತ್ತೆ ಅನ್ನೋದು ಹವಾಮಾನದಿಂದ ಹಿಡಿದು ನದಿ ಪ್ರವಾಹದವರೆಗೆ ಎಲ್ಲ ಕಡೆ ಇರೋ ಪ್ರಶ್ನೆ. ಮೋಡವನ್ನು ಪ್ರಯೋಗಾಲಯಕ್ಕೆ ತರೋಕಾಗಲ್ಲ, ದ್ರವ ಸ್ಫಟಿಕದ ಹನಿಯನ್ನು ತರಬಹುದು, ಗುಂಡಿ ತಿರುಗಿಸಿ ಒಂದೇ ಪ್ರಯೋಗವನ್ನು ನೂರಾರು ಸಲ ಮಾಡಬಹುದು. ಜಪಾನಿನ ಶೋಇಚಿ ಕಾಯ್ ಮತ್ತವರ ಜೊತೆಗಾರರು ವೋಲ್ಟೇಜ್‌ಗೆ ಬೇಕಂತಲೇ ಅಡ್ಡಾದಿಡ್ಡಿ ಏರಿಳಿತ ಬೆರೆಸಿ ನೋಡಿದರು. ಗದ್ದಲ ಬೇಗ ಶುರುವಾಗಬೇಕಿತ್ತು ತಾನೇ? ತಡವಾಗಿ ಶುರುವಾಯಿತು! ಹೊರಗಿನ ಗದ್ದಲ ಒಳಗಿನ ಗದ್ದಲವನ್ನು ತಡೆದಿತ್ತು. 2010ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಕಝುಮಸ ತಕೆಯುಚಿ ಮತ್ತು ಮಸಾಕಿ ಸಾನೊ ಇನ್ನೊಂದು ಹೆಜ್ಜೆ ಹೋದರು. ಸಾಧಾರಣ ಗದ್ದಲದಲ್ಲಿದ್ದ ದ್ರವದ ಒಂದು ಬಿಂದುವಿಗೆ ಲೇಸರ್ ಚುಚ್ಚಿ, ಅಲ್ಲಿ ಇನ್ನೂ ಜೋರಾದ ಗದ್ದಲ ಎಬ್ಬಿಸಿದರು. ಅದು ಕಪ್ಪು ಕಲೆಯಾಗಿ ಸುತ್ತ ಹರಡಿತು. ಆ ಕಲೆಯ ಅಂಚು ಎಷ್ಟು ಹೊತ್ತಿಗೆ ಎಷ್ಟು ಅಂಕುಡೊಂಕಾಗುತ್ತೆ ಅಂತ ಮತ್ತೆ ಮತ್ತೆ ಅಳೆದರು. 1986ರಲ್ಲಿ ಕಾರ್ಡರ್, ಪರೀಸಿ, ಜಾಂಗ್ ಅನ್ನೋ ಮೂವರು ಕಾಗದದ ಮೇಲೆ ಬರೆದಿದ್ದ ಸಮೀಕರಣಕ್ಕೆ ಅಳತೆ ತಾಳೆಯಾಯಿತು. ಕಾಗದಕ್ಕೆ ಹತ್ತಿದ ಬೆಂಕಿಯ ಅಂಚು ಹರಡೋದಕ್ಕೂ ಅದೇ ಸಮೀಕರಣ. ಆ ಮೂವರಲ್ಲಿ ಜಾರ್ಜೊ ಪರೀಸಿಗೆ 2021ರ ನೊಬೆಲ್ ಬಂತು, ಬೇರೆ ಕೆಲಸಕ್ಕೆ.

ಊರಿಗೆ ಫೋನ್ ಮಾಡಿ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಶಾಯಿ ಅಲ್ಲ ಅಂದಮೇಲೆ ನೆಲ ಕರೆಯಾಗಲ್ಲ ಬಿಡು" ಅಂದರು. ಹೊಸ ಟಿವಿ ಬಂದಿದೆ. ಹಳೇದನ್ನು ಗುಜರಿಗೆ ಹಾಕಬೇಡಿ ಅಂದಿದ್ದೀನಿ. ಮುಂದಿನ ಸಲ ಹೋದಾಗ ಪ್ಯಾನೆಲ್ ಬಿಚ್ಚಿ, ಆ ಎರಡು ಪೋಲರೈಸರ್ ಹಾಳೆಗಳನ್ನು ಹುಷಾರಾಗಿ ಕಿತ್ತು ಅಕ್ಕನ ಮಗನ ಕೈಗೆ ಕೊಡಬೇಕು. ಒಂದರ ಮೇಲೊಂದಿಟ್ಟು ತಿರುಗಿಸಿದರೆ ಕತ್ತಲೆ ಬಂದು ಹೋಗೋದು ಅವನೇ ನೋಡಲಿ. ಅಲ್ಲಿಯವರೆಗೆ ಬಾಲ್ ಅಜ್ಜಿಯ ಬೀರುವಿನಲ್ಲಿದೆ.